ಪಕ್ಕದೂರಿನ ಗಿರಣಿ

ಸೇಡಂನಲ್ಲಿ ನಾನೀಗ ಇರುವ ಮನೆಯ ಹಿಂದೆ ಒಂದು ಹಿಟ್ಟಿನ ಗಿರಣಿ ಇದೆ. ಮನೆ ತೋರಿಸಿದ ಮಾಲಕರು ಬಾವಿ ನೀರು, ಗಾಳಿ, ಬೆಳಕು ಎಲ್ಲ ಹೊಗಳಿದರು, ಇದೊಂದನ್ನು ಮಾತ್ರ ಹೇಳಲಿಲ್ಲ. ಸಂಜೆ ಅದು ಶುರುವಾದರೆ ನನ್ನ ಅಡುಗೆಮನೆಯ ತಟ್ಟೆಗಳು ನಡುಗುತ್ತವೆ. ಸದ್ದಿಗೆ ಹೇಗೋ ಹೊಂದಿಕೊಂಡೆ. ವಾಸನೆಗೆ ಆಗಿಲ್ಲ. ಆಗಷ್ಟೇ ಬೀಸಿದ ಬಿಸಿ ಜೋಳದ ಹಿಟ್ಟಿನ ವಾಸನೆ ಕಿಟಕಿಯಿಂದ ಬಂತೆಂದರೆ, ಉತ್ತರಪತ್ರಿಕೆ ತಿದ್ದುತ್ತಿರುವವಳು ಪೆನ್ನು ಹಿಡಿದು ಸುಮ್ಮನೆ ಕೂತುಬಿಡುತ್ತೇನೆ. ವಾಡಿಯ ಆ ಬೇಸಿಗೆ ನೆನಪಾಗುತ್ತದೆ. ಕಮಲಾಬಾಯಿಯ ಮಗ ಮಿಲಿಂದನನ್ನು ಒಂದು ಹಡಗಿನಿಂದ ದಡಕ್ಕೆ ಇಳಿಸಿಕೊಳ್ಳಲು ನಾವೆಲ್ಲ ಪರದಾಡಿದ ಬೇಸಿಗೆ ಅದು.

ಆಗ ನಾನು ರಾವೂರಿನ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆ, ವಾಡಿಯಲ್ಲಿ ಬಾಡಿಗೆಗಿದ್ದೆ. ಸಿಮೆಂಟ್ ಕಾರ್ಖಾನೆಯ ಕೆಲಸಗಾರರು ಕಟ್ಟಿಕೊಂಡ ಸಾಲುಮನೆಗಳು. ನೆಲವೂ ಫರಸಿ ಕಲ್ಲು, ಮಾಳಿಗೆಯೂ ಫರಸಿ ಕಲ್ಲು. ಹಗಲೆಲ್ಲ ಕುಡಿದ ಬಿಸಿಲನ್ನು ಆ ಕಲ್ಲು ಸಂಜೆಯಾದ ಮೇಲೆ ನಿಧಾನಕ್ಕೆ ನಮ್ಮ ಮೇಲೆ ಬಿಡುತ್ತಿತ್ತು. ಒಗೆದು ಹಾಕಿದ ಬಟ್ಟೆ ತೆಗೆಯುವಷ್ಟರಲ್ಲಿ ಅದರ ಮೇಲೊಂದು ಬೂದು ಪುಡಿ ಕೂತಿರುತ್ತಿತ್ತು. ಕಮಲಾಬಾಯಿ ಗೋಡೆಯಾಚೆಯ ಮನೆಯವರು. ಗಂಡ ಕಾರ್ಖಾನೆಯಲ್ಲಿ ಚೀಲ ಹೊರುತ್ತಿದ್ದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಒಂದು ಬುದ್ಧನ ಪಟ, ಒಂದು ಕಬ್ಬಿಣದ ಮಂಚ, ಒಬ್ಬನೇ ಮಗ.

ಮಿಲಿಂದ ಶಹಾಬಾದದಲ್ಲಿ ಐಟಿಐ ಮುಗಿಸಿ ಇಲ್ಲೇ ಗುತ್ತಿಗೆ ಮೇಲೆ ಫಿಟ್ಟರ್ ಆಗಿದ್ದ. ಸಿಮೆಂಟಿನ ಬಟ್ಟಿ ಪಕ್ಕದಲ್ಲಿ ನಿಂತು ನಿಂತು ಬೇಸತ್ತು, ಮುಂಬೈಯ ಒಬ್ಬ ಏಜೆಂಟನ ಮೂಲಕ ಎಣ್ಣೆ ಸಾಗಿಸುವ ಹಡಗಿನಲ್ಲಿ ಕೆಲಸ ಹಿಡಿದ. ಹೊರಡುವ ದಿನ ನಾನು ಅವನನ್ನು ಛೇಡಿಸಿದ್ದೆ.

"ಜನ್ಮದಾಗ ಸಮುದ್ರ ನೋಡೀಯೇನೋ?"

"ಕಾಗಿಣಾ ಹೊಳಿ ನೋಡೀನಲ್ರಿ ಅಕ್ಕೋರೆ. ಅದಕ್ಕ ಆ ಕಡಿ ದಂಡಿ ಇಲ್ಲ ಅಂತ ತಿಳ್ಕೊಂಡ್ರಾಯ್ತು" ಎಂದು ನಕ್ಕ.

ಆ ವರ್ಷ ಯುಗಾದಿ ಕಳೆದ ಮೇಲೆ ಅವನ ಫೋನುಗಳ ಧಾಟಿ ಬದಲಾಯಿತು. ಹಡಗು ಕೊಲ್ಲಿಯ ಒಂದು ಬಂದರಿನ ಮುಂದೆ ಲಂಗರು ಹಾಕಿ ನಿಂತಿದೆ, ದಡದ ದೀಪ ಕಾಣುತ್ತವೆ, ಮೊಬೈಲಿಗೆ ಸಿಗ್ನಲ್ ಕೂಡ ಬರುತ್ತದೆ, ಒಳಗೆ ಮಾತ್ರ ಬಿಡುತ್ತಿಲ್ಲ ಎಂದ. ಮೊದಮೊದಲು ತಾಯಿಗೆ ಏನೋ ರಿಪೇರಿ ಎಂದು ಹೇಳಿದ್ದ. ಆಮೇಲೆ ನನ್ನೊಂದಿಗೆ ಬಾಯಿಬಿಟ್ಟ.

"ನಮ್ಮ ಹಡಗನ್ನ ಅಮೆರಿಕಾದವ್ರು ಬ್ಲ್ಯಾಕ್‌ಲಿಸ್ಟ್ ಮಾಡ್ಯಾರಂತ್ರಿ. ಹಿಂದ ಯಾವಾಗೋ ಹೆಸರು ಬದಲಿ ಮಾಡ್ಕೊಂಡು ಇರಾನಿನ ಎಣ್ಣಿ ಒಯ್ದಿತ್ತಂತ. ನಾ ಬರೋದಕ್ಕಿಂತ ಮೊದಲಿನ ಮಾತದು."

"ನೀವು ನಿಂತಿರೋದು ಅಮೆರಿಕದಾಗ ಏನು?"

"ಅಲ್ರಿ. ಅಮೆರಿಕ ಎಲ್ಲಿ, ನಾವೆಲ್ಲಿ? ಆದ್ರ ನಮಗ ನೀರು ಕೊಟ್ರ ನೀರಿನ ದೋಣಿಯವನ ಹೆಸರೂ ಆ ಲಿಸ್ಟಿಗಿ ಹೋಗ್ತದಂತ. ಅದಕ್ಕ ಯಾರೂ ಹತ್ರ ಬರವಲ್ರು."

ಇದನ್ನು ಕಮಲಾಬಾಯಿಗೆ ತಿಳಿಸಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾನು ಪಾಠ ಮಾಡಿದಂತೆಯೇ ಹೇಳಿದೆ. ಒಂದು ದೇಶಕ್ಕೆ ಇನ್ನೊಂದು ದೇಶದ ಮೇಲೆ ಸಿಟ್ಟು. ನಾನು ಅವರೊಂದಿಗೆ ವ್ಯಾಪಾರ ಮಾಡುವುದಿಲ್ಲ ಅನ್ನುವುದಷ್ಟೇ ಅಲ್ಲ, ಅವರೊಂದಿಗೆ ಯಾರು ಮಾಡುತ್ತಾರೋ ಅವರೊಂದಿಗೂ ಮಾಡುವುದಿಲ್ಲ ಅನ್ನುತ್ತದೆ. ಹಾಗಾಗಿ ಮೂರನೇ ದೇಶದ ಬಂದರಿನವರೂ ಬ್ಯಾಂಕಿನವರೂ ಹೆದರುತ್ತಾರೆ, ಕಡೆಗೆ ನಮ್ಮ ಮುಂಬೈಯ ಏಜೆಂಟನೂ ಹೆದರುತ್ತಾನೆ. ಕಮಲಾಬಾಯಿ ಮೊರದಲ್ಲಿ ಜೋಳ ಕೇರುತ್ತಾ ಕೇಳಿಸಿಕೊಂಡರು.

"ನಮ್ಮ ಊರಾಗ ಗಿರಣಿ ಬಂದ್ ಮಾಡಿದ್ರಲ್ಲ, ಹಂಗ" ಎಂದರು.

ಅವರ ಗಂಡನ ಊರು ರಾವೂರಿನಿಂದ ಆಚೆ, ಹೆಸರು ಬೇಡ. ಅವರು ಹೊಸದಾಗಿ ಮದುವೆಯಾಗಿ ಬಂದಿದ್ದ ವರ್ಷ, ಅವರ ಓಣಿಯ ಹುಡುಗರು ಹೋಟೆಲಿನಲ್ಲಿ ನೆಲದ ಬದಲು ಬೆಂಚಿನ ಮೇಲೆ ಕೂತು ಚಹಾ ಕುಡಿದರಂತೆ. ಮರುದಿನವೇ ಊರಿನ ದೊಡ್ಡವರು ಕೂಡಿ ಠರಾವು ಮಾಡಿದರು. ಓಣಿಯವರಿಗೆ ಯಾರೂ ಕೆಲಸ ಕೊಡಬಾರದು, ಉಪ್ಪು ಎಣ್ಣೆ ಮಾರಬಾರದು, ಜೋಳ ಬೀಸಿ ಕೊಡಬಾರದು; ಕೊಟ್ಟವರಿಗೆ ದಂಡ. ಇವರು ಚೀಲ ಹೊತ್ತುಕೊಂಡು ಪಕ್ಕದೂರಿನ ಮಸ್ತಾನ್ ಸಾಬರ ಗಿರಣಿಗೆ ನಡೆದರು. ಕೆಲವು ದಿನ ಅಲ್ಲಿ ಬೀಸಿದರು. ಆಮೇಲೆ ಠರಾವು ಅಲ್ಲಿಗೂ ಬಂತು. ಅವರದು ಬೀಸಿದರೆ ನಮ್ಮೂರಿನ ಒಂದು ಕಾಳೂ ನಿನ್ನ ಗಿರಣಿಗೆ ಬರುವುದಿಲ್ಲ ಎಂದು ದೊಡ್ಡವರು ಹೇಳಿಕಳಿಸಿದರು.

"ನಮ್ಮ ಊರಿನ ಜಗಳ ನಮ್ಮ ಊರಾಗ ಇರ್ಲಿ ಬಿಡ್ರಿ. ಪಕ್ಕದೂರಿನ ಗಿರಣಿಯವಗ ಹೇಳಾಕ ಇವರ್ಯಾರು?" ಎಂದು ಕಮಲಾಬಾಯಿ ಮೊರ ಕೆಳಗಿಟ್ಟರು. ಆ ಸಿಟ್ಟು ಅವರಲ್ಲಿ ಇನ್ನೂ ಆರಿರಲಿಲ್ಲ.

ಮಸ್ತಾನ್ ಸಾಬರು ಆಗ ಒಂದು ಉಪಾಯ ಮಾಡಿದರು. ಚೀಲ ಇಡುವಾಗ ಇನ್ನೊಂದು ಊರಾದ ಗುಂಡಗುರ್ತಿಯ ಯಾರಾದರೂ ರೈತನ ಹೆಸರು ಹೇಳಿ, ನಾನು ಮುಖ ನೋಡುವುದಿಲ್ಲ ಎಂದರು. ಆ ಮಳೆಗಾಲವೆಲ್ಲ ಓಣಿಯ ಹೆಂಗಸರು ತಾವು ಕಂಡೂ ಇರದ ಗುಂಡಗುರ್ತಿಯ ಗೌಡರ ಹೆಸರಿನಲ್ಲಿ ಹಿಟ್ಟು ತಂದು ಮಕ್ಕಳಿಗೆ ರೊಟ್ಟಿ ಬಡಿದರು. ಸುಳ್ಳೆಂದು ಸುತ್ತಲಿನ ಎಲ್ಲರಿಗೂ ಗೊತ್ತಿತ್ತು. ಆದರೆ ಹೇಳಿಕೊಳ್ಳಲು ಒಂದು ನೆವ ಇದ್ದದ್ದರಿಂದ ಯಾರೂ ಕೆದಕಲಿಲ್ಲ. ಆ ನೆವವೇ ಅವರನ್ನು ಬದುಕಿಸಿತು. ಮಸ್ತಾನ್ ಸಾಬರ ಗಿರಣಿ ಮಾತ್ರ ಕಡೆಗೂ ಉಳಿಯಲಿಲ್ಲ. ಜೋಳ ಬರುವುದು ಕಡಿಮೆಯಾಗುತ್ತಾ ಹೋಗಿ ಅವರು ಊರು ಬಿಟ್ಟು ವಾಡಿಗೆ ಬಂದರು. ವಾಡಿಯ ನಮ್ಮ ಓಣಿಯ ಕೊನೆಗೆ ಇದ್ದದ್ದು ಅವರದೇ ಗಿರಣಿ. ಕಮಲಾಬಾಯಿ ಬೇರೆಲ್ಲೂ ಬೀಸಿಸುತ್ತಿರಲಿಲ್ಲ.

ನಾನು ಇಂಥ ಠರಾವು ಮಾಡಿದವರ ಜಾತಿಯವಳು. ಅದು ಕಮಲಾಬಾಯಿಗೆ ಗೊತ್ತಿತ್ತು. ಗೊತ್ತಿದ್ದೇ ಬಿಸಿ ರೊಟ್ಟಿ ಗೋಡೆಯ ಮೇಲಿಂದ ದಾಟಿಸುತ್ತಿದ್ದರು.

ಮೇ ತಿಂಗಳೆಲ್ಲ ಕಮಲಾಬಾಯಿ, ಮಸ್ತಾನ್ ಸಾಬರು, ನಾನು ಮೂವರೂ ಗಿರಣಿಯ ಮುಂದಿನ ಕಟ್ಟೆಯ ಮೇಲೆ ಕೂತು ಇದನ್ನೇ ಮಾತಾಡಿದ್ದು. ಹಡಗಿನಲ್ಲಿ ತರಕಾರಿ ಮುಗಿದಿತ್ತು, ಅನ್ನ ಬೇಳೆ ಇನ್ನೂ ಇತ್ತು. ಕುಡಿಯುವ ನೀರನ್ನು ಅಳೆದು ಕೊಡುತ್ತಿದ್ದರು. ನನಗೆ ವಾದ ಮಾಡದಿದ್ದರೆ ನಿದ್ದೆ ಬರುವುದಿಲ್ಲ. ಆದ್ದರಿಂದ ಆ ಕಟ್ಟೆಯಲ್ಲೂ ವಾದಕ್ಕೆ ಬಿದ್ದೆ. ಬಹಿಷ್ಕಾರವೆಲ್ಲ ಕೆಟ್ಟದ್ದಲ್ಲ, ದಕ್ಷಿಣ ಆಫ್ರಿಕದಲ್ಲಿ ಬಿಳಿಯರು ಕರಿಯರನ್ನು ತುಳಿಯುತ್ತಿದ್ದಾಗ ಜಗತ್ತೇ ಆ ಸರಕಾರವನ್ನು ದೂರ ಇಟ್ಟಿತ್ತು, ಅದು ಬೇಕಾಗಿತ್ತು ಎಂದೆ.

"ಬೇಕ್ರಿ. ನಮಗೂ ಬೇಕಾಗಿತ್ತು" ಎಂದರು ಕಮಲಾಬಾಯಿ. "ನಮ್ಮ ಊರಿನ ದೊಡ್ಡೋರ ಮ್ಯಾಲ ಸುತ್ತಲಿನ ಹಳ್ಳಿಯವ್ರು ಯಾರಾರ ಬಂದ್ ಹಾಕಿದ್ರ ನಾ ಕೈ ಮುಗೀತಿದ್ದೆ. ಯಾರೂ ಹಾಕ್ಲಿಲ್ಲ. ಹಾಕೋದು ಯಾವಾಗ್ಲೂ ಚೀಲ ದೊಡ್ಡದಿದ್ದವ್ರೇ."

ಮಸ್ತಾನ್ ಸಾಬರು ಆಗಲೇ ಮುದುಕರಾಗಿದ್ದರು, ಗಿರಣಿ ಮಗ ನಡೆಸುತ್ತಿದ್ದ. ಅವರ ಹುಬ್ಬಿನ ಕೂದಲಲ್ಲೂ ಹಿಟ್ಟು. ಅವರು ಹೇಳಿದ್ದು ನಾನು ನಿರೀಕ್ಷಿಸಿದ್ದಲ್ಲ.

"ಟೀಚರಮ್ಮ, ನನ್ನ ಗಿರಣಿಗಿ ಜ್ವಾಳ ತರಂಗಿಲ್ಲ ಅನ್ನೋದು ಅವರ ಹಕ್ಕು. ಅವರ ಜ್ವಾಳ, ಅವರ ಮರ್ಜಿ. ನಾ ಹ್ಯಾಂಗ ಬ್ಯಾಡ ಅನ್ಲಿ? ತೊಂದ್ರಿ ಏನಪ ಅಂದ್ರ, ಸುತ್ತಲಿನ ಜ್ವಾಳೆಲ್ಲಾ ಅವರದೇ ಇತ್ತು. ಹಕ್ಕೂ ಅವರದೇ ಆತು, ಹುಕುಮೂ ಅವರದೇ ಆತು."

ಹಡಗಿನ ಒಡೆಯನೇನೂ ಸಾಧುವಲ್ಲ, ಕದ್ದು ಸಾಗಿಸಿ ಗಂಟು ಮಾಡಿಕೊಂಡವನು. ಅವನು ಎಲ್ಲಿದ್ದನೋ, ಅವನ ಹಡಗಿನ ಎಂಜಿನ್ ಕೋಣೆಯಲ್ಲಿ ವಾಡಿಯ ಹುಡುಗ ನೀರು ಅಳೆದು ಕುಡಿಯುತ್ತಿದ್ದ.

ಶಾಲೆ ಶುರುವಾಗುವ ಹೊತ್ತಿಗೆ ಮಿಲಿಂದನಿಗೆ ಹೊಟ್ಟೆನೋವು ಕಾಣಿಸಿತು. ಮೊದಲ ದಿನ ಅಜೀರ್ಣ ಎಂದುಕೊಂಡ. ಎರಡನೇ ದಿನ ವೀಡಿಯೊ ಕಾಲಿನಲ್ಲಿ ಕಂಡ ಮುಖ ನೋಡಿ ನಾನು ಫೋನನ್ನು ಕಮಲಾಬಾಯಿಯ ಕೈಗೆ ಕೊಡಲು ಹಿಂಜರಿದೆ.

"ಯವ್ವಾ, ಬಲಕ್ಕ ಕೆಳಗ ಭಾಳ ಬ್ಯಾನಿ. ಕಾಲು ಚಾಚಾಕ ಆಗವಲ್ದು."

ವಾಡಿಯ ಡಾಕ್ಟರರಿಗೆ ಫೋನಿನಲ್ಲೇ ತೋರಿಸಿದೆವು. ಅಪೆಂಡಿಕ್ಸ್ ಇರಬೇಕು, ಕೂಡಲೇ ಆಪರೇಶನ್ ಆಗಬೇಕು, ಒಡೆದರೆ ಕಷ್ಟ ಎಂದರು. ಇಲ್ಲಿದ್ದಿದ್ದರೆ ಕಲಬುರಗಿಗೆ ಕರೆದುಕೊಂಡು ಹೋಗಿ ವಾರದಲ್ಲಿ ಮನೆಗೆ ತರುತ್ತಿದ್ದೆವು. ಹಡಗಿನ ಕ್ಯಾಪ್ಟನ್ ಬಂದರಿಗೆ ಮತ್ತೆ ಮತ್ತೆ ಕೇಳಿದನಂತೆ. ರೋಗಿಗಳನ್ನು ಇಳಿಸಲು ಅಡ್ಡಿಯಿಲ್ಲ ಎಂದು ಕಾಯಿದೆಯಲ್ಲೇ ಇದೆಯಂತೆ. ಆದರೆ ರೋಗಿಗಳನ್ನು ಒಯ್ಯುವ ಲಾಂಚ್ ಎಂಬ ಮೋಟಾರು ದೋಣಿಯ ಮಾಲಕರಿಗೆ ಆ ಮಾತಿನ ಮೇಲೆ ನಂಬಿಕೆಯಿಲ್ಲ. ನಮ್ಮ ಹೆಸರು ಲಿಸ್ಟಿಗೆ ಹೋಗುವುದಿಲ್ಲ ಎಂದು ಯಾರಾದರೂ ಬರೆದುಕೊಟ್ಟರೆ ಬರುತ್ತೇವೆ ಎಂದರು. ಬರೆದುಕೊಡಲು ಒಬ್ಬರ ಹಿಂದೆ ಒಬ್ಬರು ಹಿಂಜರಿದರು. ನಾನು ರಾಯಭಾರ ಕಚೇರಿಗೆ ಬರೆದೆ, ಪ್ರಯತ್ನದಲ್ಲಿದ್ದೇವೆ ಎಂದು ಉತ್ತರ ಬಂತು. ಪ್ರಯತ್ನ ಮಾಡಿದ್ದಾರೆಂದೇ ನಂಬುತ್ತೇನೆ. ಮುಂಬೈಯ ಏಜೆಂಟ್ ನಾಳೆ ಆಗಬಹುದು ಎಂದ.

ಆ ಮಧ್ಯಾಹ್ನ ಕಮಲಾಬಾಯಿಯ ಮನೆಯಲ್ಲಿ ಫ್ಯಾನೂ ತಿರುಗುತ್ತಿರಲಿಲ್ಲ, ಕರೆಂಟ್ ಹೋಗಿತ್ತು. ಮಸ್ತಾನ್ ಸಾಬರು ಹೊಸ್ತಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಫೋನಿನಲ್ಲಿ ಮಿಲಿಂದ ನಾಳೆ ಆಗ್ತದಂತ ಎಂದು ಹೇಳುತ್ತಿದ್ದ. ಕಮಲಾಬಾಯಿ ಫೋನನ್ನು ಬಾಯಿಗೆ ಹತ್ತಿರ ತಂದರು.

"ಇಲ್ಲಿ ಕೇಳಪ. ನಿಮ್ಮ ಹಡಗಿನ ಹೆಸರು ಕೇಳೇ ಅವ್ರು ಬ್ಯಾಡ ಅನ್ಲಿಕತ್ತಾರ. ಬಾಜೂಕ ಮತ್ತೊಂದ್ ಹಡಗು ನಿಂತದ ಅಂದಿದ್ದೆಲ್ಲ, ಅದರ ಹೆಸರು ಹೇಳ್ರಿ. ಲಾಂಚ್ ಬಂದ ಮ್ಯಾಲ ಮಾರಿ ಯಾರ್ ನೋಡ್ತಾರ? ಅವ್ರಿಗೂ ಒಂದ್ ನೆವ ಬೇಕಾಗಿರ್ತದ."

ಮಸ್ತಾನ್ ಸಾಬರು ತಲೆಯಾಡಿಸಿದರು. ನನಗೂ ಅದು ಸರಿಯೆಂದೇ ಕಂಡಿತು. ಆ ಕೋಣೆಯಲ್ಲಿ ಬೇರೆ ಥರ ಯೋಚಿಸುವವರು ಯಾರೂ ಇರಲಿಲ್ಲ.

"ಆತು ಯವ್ವಾ. ನೋಡ್ತೀನಿ" ಎಂದ ಮಿಲಿಂದ.

ಮರುದಿನ ಬೆಳಿಗ್ಗೆ ಅವನ ಜೊತೆಗಾರರು ಕ್ಯಾಪ್ಟನ್‌ಗೆ ತಿಳಿಯದಂತೆ ರೇಡಿಯೊದಲ್ಲಿ ಪಕ್ಕದ ಹಡಗಿನ ಹೆಸರು ಹೇಳಿ ರೋಗಿಯಿದ್ದಾನೆಂದು ಕರೆದರು. ಲಾಂಚ್ ಹೊರಟಿತು. ಅರ್ಧ ದಾರಿ ಬಂದಿತ್ತಂತೆ. ಸಮುದ್ರದಲ್ಲಿ ನಿಂತ ಪ್ರತಿ ಹಡಗೂ ಅವರ ಪರದೆಯ ಮೇಲೆ ತನ್ನ ನಂಬರಿನ ಸಮೇತ ಕಾಣುತ್ತದೆ. ಕರೆದ ಹಡಗು ಯಾವುದು, ಹೇಳಿದ ಹೆಸರು ಯಾವುದು ಎಂದು ಅವರು ನೋಡಿದರು. ಹೆಸರು ಮುಚ್ಚಿಕೊಂಡು ತಿರುಗಿದ್ದಕ್ಕೇ ಬ್ಲ್ಯಾಕ್‌ಲಿಸ್ಟ್ ಆದ ಹಡಗು ಮತ್ತೆ ಸುಳ್ಳು ಹೆಸರಿನಲ್ಲಿ ಕರೆಯುತ್ತಿದೆ ಎಂದು ತಿಳಿದು ಅಲ್ಲಿಂದಲೇ ತಿರುಗಿಹೋದರು. ಆಮೇಲೆ ಆ ಹಡಗಿನ ರೇಡಿಯೊ ಕರೆಗೆ ಯಾರೂ ಓಗೊಡಲಿಲ್ಲ. ಇನ್ನೇನು ಸಹಿ ಹಾಕುವವರಿದ್ದರು, ಈಗ ಅವರೂ ಹಿಂದೆ ಸರಿದರು ಎಂದು ಏಜೆಂಟ್ ನನಗೆ ಫೋನಿನಲ್ಲಿ ಕೂಗಾಡಿದ. ಅವನ ಮಾತು ಎಷ್ಟು ನಿಜವೋ ತಿಳಿಯದು.

ಕಡೆಗೆ ಒಂದು ಮೀನುಗಾರರ ದೋಣಿ ಸುಮ್ಮನೆ ಬಂದು, ಯಾರನ್ನೂ ಏನೂ ಕೇಳದೆ ಮಿಲಿಂದನನ್ನು ಇಳಿಸಿಕೊಂಡಿತು. ಅಷ್ಟರಲ್ಲಿ ಅವನಿಗೆ ಪ್ರಜ್ಞೆ ಇರಲಿಲ್ಲ. ದಡ ಮುಟ್ಟುವ ಮೊದಲೇ ಹೋದ.

ಅವನು ವಾಡಿಗೆ ಬಂದದ್ದು ಜೂನಿನ ಮಿರುಗದ ಮಳೆಯಲ್ಲಿ. ಹೈದರಾಬಾದಿನವರೆಗೆ ವಿಮಾನ, ಅಲ್ಲಿಂದ ಆಂಬುಲೆನ್ಸ್. ದಾರಿಯ ಎರಡೂ ಕಡೆ ಹೊಲಗಳಲ್ಲಿ ತೊಗರಿ ಬಿತ್ತುತ್ತಿದ್ದರು. ಎಲೆಗಳ ಮೇಲಿನ ಸಿಮೆಂಟ್ ಪುಡಿ ನೆಂದು ಗಟ್ಟಿಯಾಗಿತ್ತು. ಬಿಳಿ ಸೀರೆಯುಟ್ಟ ಹೆಂಗಸರು ಮೇಣದ ಬತ್ತಿ ಹಚ್ಚಿದರು, ಬುದ್ಧವಂದನೆ ಹೇಳಿದರು, ಮಣ್ಣು ಕೊಟ್ಟೆವು. ಮಸ್ತಾನ್ ಸಾಬರು ಮಳೆಯಲ್ಲಿ ಛತ್ರಿಯಿಲ್ಲದೆ ನಿಂತಿದ್ದರು, ಮಗ ಬಂದು ಕೈಹಿಡಿದು ಕರೆದುಕೊಂಡು ಹೋದ. ನಾನು ಅತ್ತೆ. ಯಾರ ಮೇಲೆ ಸಿಟ್ಟಾಗಬೇಕೆಂದು ತಿಳಿಯದೆ ಅತ್ತೆ. ಅಷ್ಟು ದೂರದಲ್ಲಿ ಕೂತು ಆ ಲಿಸ್ಟಿಗೆ ಸಹಿ ಹಾಕಿದವರು ಯಾರೋ, ಅವರಿಗೆ ಇಂಥ ಒಬ್ಬ ಇದ್ದನೆಂದೇ ಗೊತ್ತಿಲ್ಲ. ಸಿಟ್ಟಾಗಲು ಒಂದು ಮುಖವಾದರೂ ಬೇಕಲ್ಲ.

ಕಮಲಾಬಾಯಿ ಅಳಲಿಲ್ಲ ಎನ್ನುವುದಿಲ್ಲ, ತುಂಬಾ ಅತ್ತರು. ಆದರೆ ಅವರ ಅಳುವಿನೊಳಗೆ ಬೇರೇನೋ ಸೇರಿಕೊಂಡಿತ್ತು.

"ನಾ ಸುಮ್ಮನಿದ್ರ ಮರುದಿನ ಬರ್ತಿದ್ರು ಅಕ್ಕೋರೆ. ಸಹಿ ಆಗ್ಲಿಕತ್ತಿತ್ತಂತಲ್ಲ. ನಾನೇ ಕೆಡಿಸ್ದೆ."

"ಕಮಲವ್ವಾ, ಅವ್ರು ಬರೋರಿದ್ರ ಮೊದಲೇ ಬರ್ತಿದ್ರು."

"ಎಲ್ಲಾ ಆ ಏಜೆಂಟ ಹೇಳಿದಂಗ ಬಿಟ್ಟಿದ್ರ ಆಗಿತ್ತು. ನನ್ನ ಬುದ್ಧಿ ಹಳೇ ಗಿರಣಿ ಬುದ್ಧಿ."

ಅಂದಿನಿಂದ ಅವರು ಮಸ್ತಾನ್ ಸಾಬರ ಗಿರಣಿಗೆ ಹೋಗುವುದನ್ನು ಬಿಟ್ಟರು. ಜೋಳದ ಡಬ್ಬಿ ನಾನೇ ಒಯ್ದು ತರುತ್ತಿದ್ದೆ. ಸಾಬರು ಪ್ರತಿ ಸಲ ಕೇಳುತ್ತಿದ್ದರು, ಕಮಲಾಬಾಯಿ ಹ್ಯಾಂಗ ಇದ್ದಾಳ? ನಾನು ಇದ್ದಾಳೆ ಎನ್ನುತ್ತಿದ್ದೆ. ಒಂದು ಸಲ ಅವರು, "ಆ ಉಪಾಯ ಅಕಿಗಿ ಕಲಿಸಿದಾಂವ ನಾನು" ಎಂದಷ್ಟೇ ಹೇಳಿ ಒಳಗೆ ಹೋದರು. ಒಬ್ಬರನ್ನೊಬ್ಬರು ಅಷ್ಟು ಹಚ್ಚಿಕೊಂಡ ಇಬ್ಬರು ಮುದುಕರು ಒಂದೇ ಓಣಿಯಲ್ಲಿ ಮುಖ ತಪ್ಪಿಸಿಕೊಂಡು ಓಡಾಡುವುದನ್ನು ನೋಡುವುದು ನನಗೆ ಬಹಳ ಕಷ್ಟವಾಗುತ್ತಿತ್ತು.

ಶಾಲೆಯಲ್ಲಿ ಒಂಬತ್ತನೇ ತರಗತಿಗೆ ದೇಶ ದೇಶಗಳ ಸಂಬಂಧದ ಪಾಠ ಬಂತು. ಒಬ್ಬಳು ಹುಡುಗಿ ಎದ್ದು ನಿಂತಳು. ವಾಡಿಯಲ್ಲಿ ನಡೆದದ್ದು ಅವಳ ಕಿವಿಗೂ ಬಿದ್ದಿತ್ತು. "ಒಂದ್ ದೇಶದ ಕಾಯಿದೆ ಇನ್ನೊಂದ್ ದೇಶದಾಗ ಹ್ಯಾಂಗ ನಡೀತದ್ರಿ?" ಎಂದು ಕೇಳಿದಳು. ನಡೆಯಬಾರದು ಎಂದೆ. ಮತ್ತೆ ಹೇಗೆ ನಡೆಯಿತು ಎಂದು ಅವಳ ಮುಖ ಕೇಳುತ್ತಿತ್ತು. ಪಾಠವನ್ನು ಮುಂದೆ ಓದಿಸಿದೆ.

ದಸರೆ ಕಳೆದ ಮೇಲೆ ಒಂದು ದಿನ ಕಾರವಾರದ ಗಣಪತಿ ಎಂಬುವನು ವಾಡಿಗೆ ಬಂದ. ಹಡಗಿನ ಅಡುಗೆಯವನು, ಮಿಲಿಂದನ ಪಕ್ಕದ ಹಾಸಿಗೆಯವನು. ಹಡಗು ಯಾರಿಗೋ ಮಾರಾಟವಾಗಿ ಎಲ್ಲರನ್ನೂ ಬಿಟ್ಟಿದ್ದರು. ಮಿಲಿಂದನ ಬಟ್ಟೆಯ ಚೀಲ ತಂದಿದ್ದ. ಅಷ್ಟು ದೂರದಿಂದ ಒಂದು ಚೀಲಕ್ಕಾಗಿ ಬಂದವನಿಗೆ ಏನು ಹೇಳಬೇಕೆಂದು ತೋಚದೆ, ಕಮಲಾಬಾಯಿ ಮೊದಲು ಕೈಕಾಲಿಗೆ ನೀರು ಕೊಟ್ಟರು, ಚಹಾ ಕೊಟ್ಟರು, ಉಣ್ಣದೆ ಹೋಗಬಾರದು ಎಂದರು. ಅವನು ನೆಲದ ಮೇಲೆ ಕೂತು ಮಿಲಿಂದನ ಬಗ್ಗೆ ಹೇಳುತ್ತಾ ಹೋದ. ಸಮುದ್ರದ ಮೀನು ತಿನ್ನಲು ಕಲಿತದ್ದು, ಎಲ್ಲರ ಮೊಬೈಲು ರಿಪೇರಿ ಮಾಡುತ್ತಿದ್ದದ್ದು, ತಾಯಿಯ ಶೇಂಗಾ ಚಟ್ನಿಯನ್ನು ಯಾರಿಗೂ ಕೊಡದೆ ಮುಚ್ಚಿಡುತ್ತಿದ್ದದ್ದು. ಕಮಲಾಬಾಯಿ ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಹೇಳಿಯೇ ಬಿಟ್ಟರು.

"ತಮ್ಮಾ, ಒಂದ್ ಮಾತು. ಬ್ಯಾರೆ ಹಡಗಿನ ಹೆಸರು ಹೇಳ್ರಿ ಅಂದಾಕಿ ನಾನು. ಅದಕ್ಕೇ ಲಾಂಚ್ ತಿರುಗಿ ಹೋತು. ನಿಮ್ಗೆಲ್ಲಾ ಗೊತ್ತೇ ಅದ. ನನ್ನ ಮ್ಯಾಲ ಸಿಟ್ಟಿದ್ರ ಬೈದು ಹೋಗಪ."

ಗಣಪತಿ ಲೋಟ ಕೆಳಗಿಟ್ಟ. ಅವನಿಗೆ ಅರ್ಥವಾಗಿರಲಿಲ್ಲ.

"ನೀವಾ? ಅದು ಮಿಲಿಂದನ ಉಪಾಯ ಅಲ್ವಾ ಅಮ್ಮ?"

ಕಮಲಾಬಾಯಿ ನನ್ನ ಕಡೆ ತಿರುಗಿದರು, ಗಣಪತಿಯೇ ಮುಂದುವರಿಸಿದ.

"ಲಾಂಚ್ ತಿರುಗಿ ಹೋದ ಮೇಲೆ ಕ್ಯಾಪ್ಟನ್ ಕೆಳಗೆ ಬಂದು ಭಯಂಕರ ಕೂಗಾಡ್ದ. ಯಾರು ಹೇಳಿಕೊಟ್ಟದ್ದು ಅಂತ ಕೇಳ್ದ. ಮಿಲಿಂದ ಮಲಗಿದ್ದಲ್ಲಿಂದ್ಲೇ, ಯಾರೂ ಇಲ್ಲ, ನನ್ನ ತಲೆಯಲ್ಲಿ ಬಂದದ್ದು, ನಾನೇ ಇವರಿಗೆಲ್ಲ ಹೇಳಿ ಮಾಡಿಸಿದ್ದು ಅಂದ. ಆಮೇಲೆ ನಾನೂ ಕೇಳಿದೆ. ಎಲ್ಲಿಂದ ಹೊಳೀತು ಮಾರಾಯ ನಿನಗೆ ಇದು ಅಂದೆ. ನೋವಿತ್ತು ಅವನಿಗೆ, ಆದರೂ ನಕ್ಕ. ಮಲಗಿ ಮಲಗಿ ಬೇಜಾರಾಗಿ ಹೊಳೀತು ಅಂದ. ನಿಮ್ಮ ಹೆಸರೇ ಎತ್ತಲಿಲ್ಲ."

ಕಮಲಾಬಾಯಿ ಚೀಲದ ಮೇಲಿದ್ದ ಅಂಗಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

"ಅವಗ ಸುಳ್ಳ ಹೇಳಾಕ ಬರ್ತಿದ್ದಿಲ್ಲ" ಎಂದರು. "ಸಣ್ಣಾಂವ ಇದ್ದಾಗಿಂದ. ಮಾರಿ ನೋಡಿದ್ರ ಗೊತ್ತಾಗಿಬಿಡ್ತಿತ್ತು."

"ಅವತ್ತು ಗೊತ್ತಾಗಲಿಲ್ಲ ಅಮ್ಮ" ಎಂದ ಗಣಪತಿ. "ನಾವೆಲ್ಲ ನಂಬಿದ್ವಿ."